ಹಿರೇಗುತ್ತಿಯಲ್ಲಿ ಹಳೆಯ ಊರನ್ನು ಎಲ್ಲಿ ಹುಡುಕಬೇಕು?

ಕುಮಟಾದಿಂದ ಅಂಕೋಲಾ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊರಟರೆ ದೀವಗಿ ಹತ್ತಿರ ಅಘನಾಶಿನಿ ಸೇತುವೆ, ಆಮೇಲೆ ಮಿರ್ಜಾನ್ ಕೋಟೆ, ಅದನ್ನೂ ಬಿಟ್ಟು ಗೋಕರ್ಣದ ತಿರುವು ಇರುವ ಮಾದನಗೇರಿಗೆ ಬರುವ ಮೊದಲು ಸಿಗುವ ಊರು ಹಿರೇಗುತ್ತಿ. ಗೋಕರ್ಣಕ್ಕೆ ಹೋಗುವ ಬಸ್ಸಿನಲ್ಲಿ ಕೂತವರು ಈ ಊರನ್ನು ನೂರು ಸಲ ದಾಟಿರುತ್ತಾರೆ, ಇಳಿದಿರುವುದಿಲ್ಲ. ನಾನೂ ಹಾಗೇ ದಾಟಿದವನು. ಮೊದಲ ಸಲ ಇಳಿದಾಗ ಜೊತೆಗಿದ್ದ ಗೆಳೆಯ ಕೇಳಿದ್ದು, ನಾವೆಲ್ಲ ಯಾವ ಊರಿಗೆ ಹೋದರೂ ಮೊದಲು ಕೇಳುವ ಪ್ರಶ್ನೆಯನ್ನೇ: "ಇಲ್ಲಿ ಶಾಸನ ಏನಾದ್ರೂ ಇದೆಯಾ?"

ಶಾಸನಾಸಕ್ತರಾದ ನಮಗೆ ಈ ಪ್ರಶ್ನೆ ಸಹಜ. ಆದರೆ ಕರಾವಳಿಯ ಹಳ್ಳಿಯ ಮಟ್ಟಿಗೆ ಅದು ಅರ್ಧ ಪ್ರಶ್ನೆ ಅಂತ ನನಗೆ ಈಚೆಗೆ ಅನಿಸತೊಡಗಿದೆ. ಮಧ್ಯಕಾಲದ ಒಂದು ಸಾಮಾನ್ಯ ಕೃಷಿ ಗ್ರಾಮ, ಅಂದರೆ ರಾಜಧಾನಿಯೂ ಅಲ್ಲ, ತೀರ್ಥವೂ ಅಲ್ಲ, ಬಂದರೂ ಅಲ್ಲ, ಅಂಥದ್ದು ಈ ನೆಲದಲ್ಲಿ ಏನನ್ನು ಉಳಿಸಿಹೋಗುತ್ತದೆ? ಅದನ್ನು ಗುರುತಿಸುವುದು ಹೇಗೆ? ಈ ಬರಹ ಆ ಪ್ರಶ್ನೆಯ ಬಗ್ಗೆ. ಹೊಸ ಶಾಸನ ಸಿಕ್ಕಿತು ಅನ್ನುವ ಸುದ್ದಿ ಇದರಲ್ಲಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಹಾಳೂರು ಹುಡುಕುವುದು ಅಷ್ಟು ಕಷ್ಟವಲ್ಲ. ಕಂದಾಯ ದಾಖಲೆಯಲ್ಲಿ 'ಬೇಚಿರಾಕ್ ಗ್ರಾಮ' ಅಂತ ಇರುತ್ತದೆ. ಪಾರಸಿಯ ಆ ಮಾತಿನ ಅರ್ಥವೇ ದೀಪವಿಲ್ಲದ್ದು. ಜಾಗಕ್ಕೆ ಹೋದರೆ ಹೊಲದ ಮಧ್ಯೆ ಸ್ವಲ್ಪ ಎತ್ತರದ ದಿಬ್ಬ, ಬೂದು ಬಣ್ಣದ ಸಡಿಲ ಮಣ್ಣು, ಕಾಲಿಟ್ಟಲ್ಲೆಲ್ಲ ಮಡಕೆಚೂರು, ಬೀಸುಕಲ್ಲಿನ ತುಂಡು, ಒಂದು ಹನುಮಂತನ ಗುಡಿ, ಅದರ ಪಕ್ಕ ಸಾಲಾಗಿ ನಿಂತ ವೀರಗಲ್ಲು. ಜನ ಒಂದೇ ಕಡೆ ಒತ್ತಾಗಿ ಮನೆ ಕಟ್ಟಿ, ಬಿದ್ದ ಮಣ್ಣಿನ ಗೋಡೆಯ ಮೇಲೇ ಮತ್ತೆ ಗೋಡೆ ಎಬ್ಬಿಸಿ ನೂರಾರು ವರ್ಷ ಬದುಕಿದ್ದರಿಂದ ಊರೇ ದಿಬ್ಬವಾಗಿರುತ್ತದೆ.

ಇಂಗ್ಲೆಂಡಿನಲ್ಲಿ ವಾರಮ್ ಪರ್ಸಿ ಅನ್ನುವ ಮಧ್ಯಕಾಲೀನ ಹಾಳೂರು ಇದೆ. ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಅಲ್ಲಿ 1950ರಿಂದ 1990ರವರೆಗೆ ಪ್ರತಿ ಬೇಸಿಗೆ ಅಗೆದರು. ನಲವತ್ತು ವರ್ಷ, ಒಂದೇ ಹಳ್ಳಿ! ಅಲ್ಲಿ ಹುಲ್ಲಿನ ಕೆಳಗೆ ಮನೆಗಳ ಅಡಿಪಾಯದ ಗೆರೆ, ಊರ ದಾರಿಯ ತಗ್ಗು, ಹಿತ್ತಿಲ ಗಡಿ ಎಲ್ಲ ಬರಿಗಣ್ಣಿಗೇ ಕಾಣುತ್ತದೆ. ಆ ಚಿತ್ರಗಳನ್ನು ನೋಡಿ ಬಂದು ಹಿರೇಗುತ್ತಿಯಲ್ಲಿ ನಿಂತರೆ ಕಾಣುವುದು ತೆಂಗು, ಗೇರು, ಗದ್ದೆ, ಮನೆಗಳು, ಹೆದ್ದಾರಿ. ದಿಬ್ಬ ಇಲ್ಲ, ಬೂದಿಮಣ್ಣಿಲ್ಲ.

ಕಾರಣ ಸರಳ. ಕರಾವಳಿಯಲ್ಲಿ ಊರು ಅಂದರೆ ಒತ್ತೊತ್ತಾದ ಮನೆಗಳ ಗುಂಪಲ್ಲ. ಗದ್ದೆಯ ಅಂಚಿಗೆ, ಬೇಣದ ಬುಡಕ್ಕೆ, ಹಿತ್ತಿಲಿಗೊಂದರಂತೆ ಮನೆ. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ, ನಾಡವರ ಕೇರಿಗಳಲ್ಲಿ ಮಾತ್ರ ಮನೆಗಳು ಸ್ವಲ್ಪ ಹತ್ತಿರ. ಗೋಡೆ ಮಣ್ಣಿನದು ಅಥವಾ ಚಿರೇಕಲ್ಲಿನದು, ಮಾಡು ಹುಲ್ಲು ಇಲ್ಲವೇ ಮಡಲು. ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುವ ಮಳೆಯಲ್ಲಿ ಮಾಡಿಲ್ಲದ ಮಣ್ಣಿನ ಗೋಡೆ ಎಷ್ಟು ಮಳೆಗಾಲ ನಿಂತೀತು? ಇಲ್ಲಿನ ಆಮ್ಲೀಯ ಕೆಂಪುಮಣ್ಣು ಎಲುಬನ್ನು ಕರಗಿಸುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಚಿರೇಕಲ್ಲನ್ನಂತೂ ಯಾರೂ ಬಿಡುವುದಿಲ್ಲ. ಅಜ್ಜನ ಮನೆಯ ಗೋಡೆ ಮೊಮ್ಮಗನ ಕೊಟ್ಟಿಗೆಯಾಗುತ್ತದೆ, ಆಮೇಲೆ ಬಾವಿಕಟ್ಟೆ, ಕೊನೆಗೆ ಹಿತ್ತಿಲ ಪಾಗಾರ. ಕಲ್ಲು ಹಳೆಯದು, ಗೋಡೆ ಮೊನ್ನೆಯದು.

ಈ ಚಿರೇಕಲ್ಲಿಗೆ ಲೋಕವೆಲ್ಲ ಈಗ ಹೇಳುವ 'ಲ್ಯಾಟರೈಟ್' ಅನ್ನುವ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರಂನಲ್ಲಿ ಅದನ್ನು ಗಮನಿಸಿ, ಕೆಲವೇ ತಿಂಗಳ ಮೇಲೆ, 1801ರಲ್ಲಿ ಇದೇ ಮಿರ್ಜಾನ್–ಗೋಕರ್ಣ–ಅಂಕೋಲಾ ದಾರಿಯಲ್ಲಿ ಬಂದ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ನಮಗೆ ಬೇಕಾದ ಒಂದು ಮುಖ್ಯ ಮಾತಿದೆ: ಗಂಗಾವಳಿ ಹೊಳೆ ಹೈಗ ಮತ್ತು ಕೊಂಕಣದ ನಡುವಿನ ಗಡಿ. ಹೈಗ ಅಂದರೆ ಶಾಸನಗಳ ಹೈವೆ. ಕಲ್ಯಾಣ ಚಾಲುಕ್ಯರ, ಹಾನಗಲ್ಲಿನ ಮತ್ತು ಗೋವೆಯ ಕದಂಬರ ಕಾಲದ ಶಾಸನ ಓದಿದವರಿಗೆ ಬನವಾಸಿ 12000, ಪಾನುಂಗಲ್ಲು 500, ಸಾಂತಳಿಗೆ 1000, ಕೊಂಕಣ 900 ಇವುಗಳ ಜೊತೆ 'ಹೈವೆ 500' ಪರಿಚಿತ. ಹಿರೇಗುತ್ತಿ ಇರುವುದು ಈ ಹೈವೆಯ ಬಡಗಣ ಅಂಚಿನಲ್ಲಿ, ತೆಂಕಲು ಅಘನಾಶಿನಿ, ಬಡಗಲು ಗಂಗಾವಳಿ ನಡುವಿನ ತುಂಡಿನಲ್ಲಿ. ಆ 500 ಅನ್ನುವುದು ಊರುಗಳ ಎಣಿಕೆಯೋ, ಹುಟ್ಟುವಳಿಯ ಲೆಕ್ಕವೋ ಅಂತ ವಿದ್ವಾಂಸರು ಬಹಳ ಕಾಲದಿಂದ ಚರ್ಚೆ ಮಾಡಿದ್ದಾರೆ. ನನ್ನ ಪ್ರಕಾರ ಹೈವೆಯಂಥ ಸಣ್ಣ ನಾಡಿಗೆ ಐನೂರು ಹಳ್ಳಿ ಅನ್ನುವುದು ಅಸಾಧ್ಯದ ಮಾತೇನಲ್ಲ, ಕೇರಿ-ಕೊಪ್ಪಗಳನ್ನೂ ಎಣಿಸಿದರೆ. ಆದರೆ 12000ಕ್ಕೆ ಅದೇ ತರ್ಕ ನಡೆಯುವುದಿಲ್ಲವಾದ್ದರಿಂದ ಅಲ್ಲಿಗೇ ನಿಲ್ಲಿಸುತ್ತೇನೆ.

ಇಷ್ಟೆಲ್ಲ ಹಳೆಯ ನಾಡಾದರೆ ಶಾಸನ ಯಾಕೆ ಕಡಿಮೆ ಅನ್ನಿಸುತ್ತದೆ? ಇದಕ್ಕೆ ಕಲ್ಲಿನ ಕಾರಣ ಒಂದಿದೆ, ಕಚೇರಿಯ ಕಾರಣ ಇನ್ನೊಂದಿದೆ.

ಕಲ್ಲಿನ ಕಾರಣ ಎಂದರೆ, ಚಿರೇಕಲ್ಲಿನ ಮೇಲೆ ಅಕ್ಷರ ನಿಲ್ಲುವುದಿಲ್ಲ. ಅದರ ಮೈ ತುಂಬ ತೂತು. ಬರೆಸಬೇಕೆಂದರೆ ಬೇರೆ ಕಡೆಯಿಂದ ಗಟ್ಟಿ ಕಲ್ಲು ತರಬೇಕು, ಕೆತ್ತುವವನನ್ನೂ ಕರೆಸಬೇಕು. ಅಷ್ಟು ಖರ್ಚು ಮಾಡುವ ಶಕ್ತಿ ದೇವಸ್ಥಾನಕ್ಕೆ, ಬಸದಿಗೆ, ವರ್ತಕರಿಗೆ ಇತ್ತು. ಹಾಗಾಗಿ ಭಟ್ಕಳ, ಹಾಡುವಳ್ಳಿ, ಗೇರುಸೊಪ್ಪೆಗಳಲ್ಲಿ ಒಳ್ಳೆಯ ಶಾಸನಗಳಿವೆ. ಸುತ್ತಲಿನ ಗದ್ದೆಯ ಊರುಗಳು ಆ ಶಾಸನಗಳ ಒಳಗೆ ಹೆಸರಾಗಿ ಕೂತಿರುತ್ತವೆ. ಊರಿನ ಬಗೆಗಿನ ಶಾಸನ ಆ ಊರಲ್ಲೇ ಇರಬೇಕು ಅನ್ನುವುದು ನಮ್ಮ ತಪ್ಪು ಕಲ್ಪನೆ. ಗದ್ದೆ ಇರುವುದು ಒಂದು ಕಡೆ, ಆ ಗದ್ದೆಯ ಅಕ್ಕಿಯಿಂದ ನೈವೇದ್ಯ, ನಂದಾದೀಪ ನಡೆಯುವ ದೇವರು ಇನ್ನೊಂದು ಕಡೆ. ಕಲ್ಲು ನಿಲ್ಲುವುದು ದೇವರ ಅಂಗಳದಲ್ಲಿ. ತಾಮ್ರಪಟವಾದರೆ ದಾನ ಪಡೆದವನ ಮನೆತನದ ಜೊತೆ ಊರೂರು ಅಲೆಯುತ್ತದೆ.

ಕಚೇರಿಯ ಕಾರಣ ಇನ್ನೂ ದೊಡ್ಡದು. ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಸಂಪುಟಗಳನ್ನು 1886ರಿಂದ ತಂದದ್ದು ಮೈಸೂರು ಸಂಸ್ಥಾನ ಮತ್ತು ಕೊಡಗಿಗಾಗಿ. ಕೆನರಾ ಜಿಲ್ಲೆ 1860ರಲ್ಲಿ ಎರಡಾಯಿತು, ಉತ್ತರದ ಭಾಗ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಹಾಗಾಗಿ ಘಟ್ಟದ ಮೇಲಿನ ಸೊರಬದ ಹಳ್ಳಿಹಳ್ಳಿಯ ಕಲ್ಲುಗಳು 1904ರ ಎಂಟನೆಯ ಸಂಪುಟದಲ್ಲಿ ನೂರುಗಟ್ಟಲೆ ಅಚ್ಚಾದವು, ಘಟ್ಟದ ಕೆಳಗಿನ ಕುಮಟಾ ಆ ಪುಸ್ತಕದ ಹೊರಗೇ ಉಳಿಯಿತು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1941ರಲ್ಲಿ 'ಕರ್ನಾಟಕ ಇನ್‌ಸ್ಕ್ರಿಪ್ಷನ್ಸ್' ಶುರು ಮಾಡುವವರೆಗೆ ಮುಂಬಯಿ ಕರ್ನಾಟಕದ ಹಳ್ಳಿಗಳಿಗೆ ರೈಸ್‌ರಂಥ ಒಬ್ಬ ಗಣತಿಗಾರ ಇರಲಿಲ್ಲ. ನಕ್ಷೆಯಲ್ಲಿ ಶಾಸನ ಇರುವ ಊರುಗಳಿಗೆ ಚುಕ್ಕೆ ಇಟ್ಟು 'ಇಲ್ಲಿ ನಾಗರಿಕತೆ ದಟ್ಟ, ಅಲ್ಲಿ ವಿರಳ' ಅಂತ ತೀರ್ಮಾನ ಮಾಡುವವರು ಈ ಆಡಳಿತದ ಗೆರೆಯನ್ನು ಮೊದಲು ನೋಡಬೇಕು.

ಸರಿ, ಅಕ್ಷರ ಬಿಡೋಣ. ಹಾಗಾದರೆ ಉಳಿದಿರುವುದೇನು?

ನನ್ನ ಉತ್ತರ ಕೇಳಿ ಗೆಳೆಯ ನಕ್ಕಿದ್ದ. ಹಿರೇಗುತ್ತಿ ಸೀಮೆಯ ಅತಿ ದೊಡ್ಡ ಪುರಾತತ್ವ ಅವಶೇಷ ಯಾವುದೂ ಕಲ್ಲಿನದಲ್ಲ, ಮಣ್ಣಿನದು: ಗಜನಿಯ ಕಟ್ಟು. ಅಘನಾಶಿನಿಯ ಅಳಿವೆಯ ಸುತ್ತ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಭೂಮಿಗೆ ಗಜನಿ ಅಂತಾರೆ. ಹೊಳೆಯ ಬದಿಗೆ ಮಣ್ಣು-ಕಲ್ಲಿನ ಒಡ್ಡು ಹಾಕಿ, ನೀರು ಒಳಬಿಡಲು-ಹೊರಬಿಡಲು ಹಲಗೆಯ ಬಾಗಿಲು, ಅಂದರೆ ಜಂತ್ರಡಿ ಇಟ್ಟು, ಆ ಭೂಮಿಯನ್ನು ಗದ್ದೆ ಮಾಡುತ್ತಾರೆ. ಜೂನ್‌ನಲ್ಲಿ ಮೊದಲ ಮಳೆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜ ಎರಚುತ್ತಾರೆ. ಕಗ್ಗ ಉಪ್ಪನ್ನೂ ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ತಡೆಯುತ್ತದೆ, ಎತ್ತರ ಬೆಳೆಯುತ್ತದೆ. ಗೊಬ್ಬರ, ಔಷಧ ಬೇಡ. ಅಕ್ಟೋಬರ್–ನವೆಂಬರ್ ಹೊತ್ತಿಗೆ ತೆನೆಯ ಭಾಗ ಕೊಯ್ದು, ಉಳಿದ ಹುಲ್ಲನ್ನು ನೀರಿನಲ್ಲೇ ಕೊಳೆಯಲು ಬಿಡುತ್ತಾರೆ. ಆಮೇಲೆ ಜಂತ್ರಡಿ ತೆಗೆದರೆ ಉಪ್ಪುನೀರಿನ ಜೊತೆ ಸಿಗಡಿ, ಮೀನು ಬರುತ್ತದೆ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ಇದನ್ನು ನಾನು ಅವಶೇಷ ಅನ್ನುವುದು ಯಾಕೆ? ಈ ಕಟ್ಟನ್ನು ಒಬ್ಬ ರೈತ ಹಾಕಲಾರ, ಒಬ್ಬ ಕಾಯಲಾರ. ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಅಂದರೆ ಯಾರು ಎಷ್ಟು ಮಾರು ಕಟ್ಟಬೇಕು, ಬಾಗಿಲು ಯಾವಾಗ ತೆಗೆಯಬೇಕು, ಮೀನಿನ ಪಾಲು ಯಾರಿಗೆ ಅನ್ನುವ ಒಪ್ಪಂದ ಇರಲೇಬೇಕು. ಘಟ್ಟದ ಮೇಲಿನ ಶಾಸನಗಳಲ್ಲಿ ಇದೇ ಒಪ್ಪಂದ ಕೆರೆಯ ಸುತ್ತ ಬರೆದಿಟ್ಟು ಕಾಣುತ್ತದೆ: ಬಿತ್ತುವಟ್ಟ, ಕೆರೆಗೊಡಗಿ ಅಂತ ಕೆರೆ ಕಾಯುವವನಿಗೆ, ಹೂಳು ತೆಗೆಸುವವನಿಗೆ ಬಿಟ್ಟ ಭೂಮಿ. ಇಲ್ಲಿ ಬರೆದಿಟ್ಟಿಲ್ಲ, ಕಟ್ಟಿಟ್ಟಿದ್ದಾರೆ. ವಿಜಯನಗರದ ಸುತ್ತ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ 1988ರಿಂದ 1997ರವರೆಗೆ ನಡೆದಾಡಿ ಮಾಡಿದ ಸಮೀಕ್ಷೆಯಲ್ಲಿ 700ಕ್ಕೂ ಹೆಚ್ಚು ನೆಲೆಗಳು ದಾಖಲಾದವು. ಅವುಗಳಲ್ಲಿ ಅರಮನೆಗಳಲ್ಲ, ಕೆರೆಯ ಏರಿ, ಒಡ್ಡು, ಕಾಲುವೆ, ದಾರಿ, ಸಣ್ಣ ಗುಡಿ, ಗದ್ದೆಯ ಮೆಟ್ಟಿಲು ಇಂಥವೇ ಬಹಳ. ಹಂಪಿಗೆ ಅನ್ನ ಹಾಕಿದ ಹಳ್ಳಿ ಕಂಡದ್ದು ಹಾಗೆ. ಕರಾವಳಿಯಲ್ಲಿ ಅದೇ ಕಣ್ಣು ಇಟ್ಟರೆ ಮೊದಲು ಕಾಣುವುದು ಗಜನಿಯ ಕಟ್ಟು.

ಒಂದು ಎಚ್ಚರಿಕೆ ಹೇಳಬೇಕು. ಇವತ್ತು ಕಾಣುವ ಕಟ್ಟು ಮಧ್ಯಕಾಲದ್ದಲ್ಲ. ಮಣ್ಣಿನ ಒಡ್ಡು ವರ್ಷ ವರ್ಷ ದುರಸ್ತಿಯಾಗುತ್ತದೆ, 1970ರ ದಶಕದಲ್ಲಿ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಹಲವು ಕಡೆ ಶಾಶ್ವತ ಒಡ್ಡುಗಳೂ ಬಂದವು. ಹಳೆಯದು ಅನ್ನಬೇಕಾದದ್ದು ಒಡ್ಡಿನ ಮಣ್ಣನ್ನಲ್ಲ, ಅದು ಹಾದುಹೋಗುವ ಗೆರೆಯನ್ನು, ಅದಕ್ಕಿರುವ ಹೆಸರನ್ನು. ಸಾಣಿಕಟ್ಟಾ, ಮಾಣಿಕಟ್ಟಾ. ಈ 'ಕಟ್ಟಾ' ನಮ್ಮ ಕಟ್ಟೆ-ಕಟ್ಟುವೇ. ಐಗಳಕುರ್ವೆಯ 'ಕುರ್ವೆ' ಹಳಗನ್ನಡದ ಕುರುವ, ಹೊಳೆಯ ನಡುವಿನ ನಡುಗಡ್ಡೆ. ಬೇಣ, ಮಕ್ಕಿ, ಹಕ್ಕಲು, ಕೊಡ್ಲು: ಪಹಣಿಯಲ್ಲಿ ಇರಲಿ ಇಲ್ಲದಿರಲಿ, ಹಿತ್ತಿಲು ಹಿತ್ತಿಲಿಗೂ ಇಲ್ಲಿ ಹೆಸರಿದೆ. ಮುದುಕರ ಬಾಯಲ್ಲಿ ಮಾತ್ರ ಇರುವ ಈ ಹೆಸರುಗಳನ್ನು ಸರ್ವೆ ನಂಬರಿನ ಪಕ್ಕ ಬರೆದುಕೊಳ್ಳುವುದೇ ಅರ್ಧ ಉತ್ಖನನ ಅಂತ ನನಗನಿಸುತ್ತದೆ.

ಊರಿನ ಹೆಸರಿನ ಮಾತು ಬಂದಿದ್ದರಿಂದ ಸ್ವಲ್ಪ ಅಡ್ಡದಾರಿ. 'ಗುತ್ತಿ' ಅಂದರೆ ಗೊಂಚಲು, ಹಿಂಡು. 'ಹಿರೇ' ಅನ್ನುವುದು ಇನ್ನೊಂದು ಕಿರಿಯದರ ಜೊತೆ ಹೋಲಿಸಿ ಇಟ್ಟ ಮಾತು. ಊರು ಬೆಳೆದು ಕವಲೊಡೆದಾಗ ಇಂಥ ಹೆಸರು ಹುಟ್ಟುತ್ತದೆ. ಹಳಗನ್ನಡದ 'ಪಿರಿಯ' ನಡುಗನ್ನಡದಲ್ಲಿ 'ಹಿರಿಯ' ಆದದ್ದು ಎಲ್ಲರಿಗೂ ಗೊತ್ತು. ಅದಕ್ಕೇ ಊರು ಹನ್ನೆರಡನೆಯ ಶತಮಾನದ ಈಚೆಯದು ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದರು. ಒಪ್ಪುವ ಮಾತಲ್ಲ. ಜನರ ಬಾಯಿ ಬದಲಾದ ಹಾಗೆ ಊರ ಹೆಸರೂ ಬದಲಾಗುತ್ತದೆ, ಪಾನುಂಗಲ್ಲು ಹಾನಗಲ್ಲು ಆಗಲಿಲ್ಲವೇ? ಹೆಸರಿನ ಈಗಿನ ರೂಪದಿಂದ ಊರಿನ ವಯಸ್ಸು ಹೇಳಲಾಗದು.

ಕಾಲದ ವಿಷಯದಲ್ಲಿ ಹೊರಗಿನ ಒಂದು ಸಾಕ್ಷಿ ಇದೆ, ಅದು ನನಗೆ ಬಹಳ ಇಷ್ಟ. ಪೋರ್ಚುಗೀಸ್ ದುವಾರ್ತೆ ಬಾರ್ಬೋಸ 1516ರ ಸುಮಾರಿಗೆ ಬರೆದ ಕಡಲತೀರದ ವಿವರಣೆಯಲ್ಲಿ ಮಿರ್ಜಾನಿನ ಹೊಳೆ ಬರುತ್ತದೆ. ಅಲ್ಲಿಂದ ಅಗ್ಗದ, ಕಪ್ಪು ಬಣ್ಣದ ಅಕ್ಕಿ ಬಹಳವಾಗಿ ಹೊರಗೆ ಹೋಗುತ್ತದೆ, ಮಲಬಾರಿನ ದೋಣಿಗಳು ತೆಂಗಿನಕಾಯಿ, ಎಣ್ಣೆ, ತಾಳೆಬೆಲ್ಲ ತಂದು ಅದನ್ನು ಒಯ್ಯುತ್ತವೆ ಅನ್ನುವ ಅರ್ಥದ ಮಾತು. ಬಂದರಿನ ವರ್ಣನೆ ಅದು, ಆದರೆ ಅದರೊಳಗೆ ಇರುವುದು ಹಳ್ಳಿ. ಆ ಅಕ್ಕಿ ಮಿರ್ಜಾನ್ ಕೋಟೆಯೊಳಗೆ ಬೆಳೆಯಲಿಲ್ಲ. ಅಳಿವೆಯ ಎರಡೂ ದಡದ ಊರುಗಳಲ್ಲಿ, ಘಟ್ಟದ ಬುಡದ ಗದ್ದೆಗಳಲ್ಲಿ ಬೆಳೆದದ್ದು. ತಿಂದು ಉಳಿದು ಮಾರುವಷ್ಟು ಬೆಳೆಯುತ್ತಿದ್ದರು ಅನ್ನುವುದಕ್ಕೆ ಐನೂರು ವರ್ಷದ ಹಿಂದಿನ ಲಿಖಿತ ಸಾಕ್ಷಿ. ಆ ಕಪ್ಪು ಅಕ್ಕಿ ಕಗ್ಗವೇ ಇರಬಹುದಲ್ಲ ಅಂತ ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಅನ್ನಿಸಿರಬೇಕು. ನನಗೂ ಅನ್ನಿಸಿತ್ತು, ಒಂದು ರಾತ್ರಿ ಬಹಳ ಸಂತೋಷದಿಂದ ಅದನ್ನೇ ಬರೆದೂ ಬಿಟ್ಟಿದ್ದೆ. ಬೆಳಿಗ್ಗೆ ಅಳಿಸಿದೆ. ಬಣ್ಣ ಒಂದೇ ಅಂದಮಾತ್ರಕ್ಕೆ ತಳಿ ಒಂದೇ ಆಗುವುದಿಲ್ಲ, ಘಟ್ಟದ ಬುಡದಲ್ಲೂ ಕೆಂಪು-ಕಪ್ಪು ಅಕ್ಕಿಗಳಿದ್ದವು.

ಮಿರ್ಜಾನ್ ಕೋಟೆಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ 2000–01ರಲ್ಲಿ ಅಗೆದಾಗ ಚೀನೀ ಪಿಂಗಾಣಿಯ ಚೂರುಗಳು, ಫಿರಂಗಿ ಗುಂಡುಗಳು, 1652–53ರ ಪೋರ್ಚುಗೀಸ್ ವೈಸರಾಯ್ ಕಾಲದ ಒಂದು ಚಿನ್ನದ ನಾಣ್ಯ ಸಿಕ್ಕವು. ಹಳ್ಳಿಯ ಹಿತ್ತಿಲಲ್ಲಿ ಬಾವಿ ತೋಡುವಾಗ ನೀಲಿ-ಬಿಳಿ ಪಿಂಗಾಣಿಯ ಒಂದು ಉಗುರಿನಷ್ಟು ಚೂರು ಬಂದರೂ ಬಿಸಾಡಬೇಡಿ ಅನ್ನುವುದು ಇದಕ್ಕೇ. ನಮ್ಮ ಮಣ್ಣಿನ ಗಡಿಗೆಯ ರೂಪ ನೂರಾರು ವರ್ಷ ಬದಲಾಗದೆ ಬಂದಿದೆ, ಅದರಿಂದ ಕಾಲ ಹೇಳುವುದು ಕಷ್ಟ. ಹೊರಗಿನಿಂದ ಬಂದ ಚೂರು ಕಾಲವನ್ನು ಹೇಳುತ್ತದೆ. ಹೆಂಚೂ ಹಾಗೇ. ಯಂತ್ರದಲ್ಲಿ ಒತ್ತಿದ ಮಂಗಳೂರು ಹೆಂಚಿನ ತುಂಡು ಇರುವ ಪದರ 1865ಕ್ಕಿಂತ ಹಳೆಯದಾಗಲಾರದು, ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ್ದೇ ಆ ವರ್ಷ. ಅದು ಕಾಣದೆ, ಕೈಯಲ್ಲಿ ತಟ್ಟಿದ ನಾಡಹೆಂಚು ಮಾತ್ರ ಕಂಡರೆ ನಿಂತು ನೋಡಬೇಕು.

ಇನ್ನು ಕಲ್ಲುಗಳು. ಈ ಸೀಮೆಯಲ್ಲಿ ಓಡಾಡಿದವರಿಗೆ ಗೊತ್ತು, ಊರ ಅಂಚಿನ ಬನದಲ್ಲಿ ಜಟಗ ಇರುತ್ತಾನೆ, ಬೀರ ಇರುತ್ತಾನೆ, ಮಾಸ್ತಿ ಇರುತ್ತಾಳೆ. ಎಣ್ಣೆ, ಕುಂಕುಮ ಮೆತ್ತಿದ ಆ ಕಲ್ಲುಗಳಲ್ಲಿ ಎಷ್ಟೋ ವೀರಗಲ್ಲು, ಮಾಸ್ತಿಕಲ್ಲುಗಳೇ. ಕಂಬದಿಂದ ಹೊರಟು ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಕೈ, ಅದರ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು ಕಂಡರೆ ಅದು ಮಹಾಸತಿಯ ಕಲ್ಲು. ಮೂರು ಅಂತಸ್ತು ಇದ್ದು ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಸೂರ್ಯಚಂದ್ರರ ಕೆಳಗೆ ಲಿಂಗಪೂಜೆ ಅಥವಾ ಜಿನನ ಸನ್ನಿಧಿ ಇದ್ದರೆ ವೀರಗಲ್ಲು. ಎಂ. ಚಿದಾನಂದಮೂರ್ತಿಯವರ 1966ರ ಸಾಂಸ್ಕೃತಿಕ ಅಧ್ಯಯನ, ಆರ್. ಶೇಷಶಾಸ್ತ್ರಿಗಳ ವೀರಗಲ್ಲುಗಳ ಪುಸ್ತಕ ಓದಿದವರಿಗೆ ಇದು ಹೊಸದಲ್ಲ. ತುರುಗೋಳು, ಊರಳಿವು, ಪೆಣ್ಬುಯ್ಯಲ್, ಬೇಟೆ: ಸಾಮಾನ್ಯ ಹಳ್ಳಿಗರು ಸತ್ತ ಕಾರಣಗಳು ಕಲ್ಲಿಗೆ ಬಂದದ್ದು ಹೀಗೇ. ಬೆಂಗಳೂರು ಅನ್ನುವ ಹೆಸರು ಮೊದಲು ಕಾಣುವುದೂ ಬೇಗೂರಿನ ಒಂದು ವೀರಗಲ್ಲಿನಲ್ಲಿ. ಕ್ರಿ.ಶ. 949–50ರ ಆತಕೂರಿನ ಕಲ್ಲಿನಲ್ಲಂತೂ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಜಾಗ ಸಿಕ್ಕಿದೆ.

ಗಡಿಕಲ್ಲುಗಳನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಅಕ್ಷರ ಇರುವುದಿಲ್ಲ, ಚೆಂದವೂ ಇರುವುದಿಲ್ಲ. ಒಂದು ಲಿಂಗ ಕೆತ್ತಿದ್ದರೆ ಶಿವದೇವಾಲಯದ ಭೂಮಿ, ಕೊಡೆ-ಕಮಂಡಲು ಹಿಡಿದ ವಾಮನ ಇದ್ದರೆ ಬ್ರಾಹ್ಮಣರಿಗೆ ಕೊಟ್ಟದ್ದು, ಮುಕ್ಕೊಡೆ ಇದ್ದರೆ ಬಸದಿಯದು. ದಾನಶಾಸನಗಳಲ್ಲಿ 'ಮೂಡಲು ಹಳ್ಳ, ತೆಂಕಲು ನಟ್ಟ ಕಲ್ಲು' ಅನ್ನುವ ಬಗೆಯಲ್ಲಿ ಸೀಮೆ ಹೇಳುತ್ತಾರಲ್ಲ, ಆ ನಟ್ಟ ಕಲ್ಲು ಇದೇ. ಹಳ್ಳ ಈಗಲೂ ಹರಿಯುತ್ತದೆ, ಕಲ್ಲೂ ಇದ್ದರೆ ಆ ಊರಿನ ಮಧ್ಯಕಾಲದ ಒಂದು ಮೂಲೆ ನಿಮ್ಮ ಕಾಲ ಕೆಳಗೇ ಇದೆ. ಆದರೆ ಕಲ್ಲು ಅದರ ಜಾಗದಲ್ಲಿ ಇದ್ದರೆ ಮಾತ್ರ. ತಂದು ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿದ ಗಡಿಕಲ್ಲು ಯಾವ ಗಡಿಯನ್ನೂ ಹೇಳುವುದಿಲ್ಲ.

ಇದೇ ಸೀಮೆಯ ಒಂದು ಬನದಲ್ಲಿ (ಜಾಗ ಬೇಕೆಂದೇ ಹೇಳುವುದಿಲ್ಲ, ಕಾರಣ ಮುಂದೆ ಇದೆ) ಅಂಥ ಕಲ್ಲೊಂದರ ಎದುರು ನಿಂತು ಟೇಪು ತೆಗೆಯುತ್ತಿದ್ದೆ. ಸೊಪ್ಪು ಹೊತ್ತು ಬರುತ್ತಿದ್ದ ಒಬ್ಬ ಅಜ್ಜಿ ನಿಂತಳು.

"ಎಂತ ಮಾಡ್ತಿದ್ದೆ ತಮಾ?"

"ಕಲ್ಲಿನ ಅಳತೆ ತಕಂತಿದ್ದೆ ಅಮ್ಮಾ."

"ಅದ್ ಕಲ್ಲಲ್ಲ, ಮಾಸ್ತಮ್ಮ. ಮುಟ್ಟೂದಾದ್ರೆ ಮಿಂದ್ಕಂಡ್ ಬಾ."

ಮೀಯದೆ ಹೋಗಿದ್ದೆ, ನಿಜ. ಟೇಪು ಮಡಚಿಟ್ಟು ದೂರದಿಂದ ಪಟ ತೆಗೆದೆ. ಆ ಕಲ್ಲು ಇಷ್ಟು ವರ್ಷ ಅಲ್ಲೇ ಉಳಿದದ್ದು ಯಾವ ಇಲಾಖೆಯ ಫಲಕದಿಂದಲೂ ಅಲ್ಲ, ಅಜ್ಜಿಯ ಆ ಮಾತಿನಿಂದ. ಅದೇ ಭಕ್ತಿ ಬೇರೆ ಕಡೆ ಕಲ್ಲನ್ನು ತೆಗೆದೂ ಇದೆ: ಜೀರ್ಣೋದ್ಧಾರ ಅಂತ ಹಳೆಯ ಕಲ್ಲನ್ನು ಹೊಳೆಗೆ ಬಿಟ್ಟು ಹೊಸ ಗ್ರಾನೈಟ್ ಮೂರ್ತಿ ತರುವುದು, ಎಣ್ಣೆ ಬಣ್ಣ ಬಳಿಯುವುದು, ಆಸಿಡ್ ಹಾಕಿ ತಿಕ್ಕುವುದು. ತಪ್ಪು ಅಂತ ಅವರಿಗೆ ಬೈಯುವ ಮೊದಲು ನನ್ನ ಕಥೆಯನ್ನೂ ಹೇಳಬೇಕು.

ಕೆಲವು ವರ್ಷದ ಹಿಂದೆ ಘಟ್ಟದ ಮೇಲಿನ ಒಂದು ಊರಿನಲ್ಲಿ, ಹೆಸರು ಬೇಡ, ಗದ್ದೆಯ ಬದುವಿನಲ್ಲಿ ನಿಂತಿದ್ದ ಒಂದು ದಾನಶಾಸನ ಓದುತ್ತಿದ್ದೆ. ಸುತ್ತ ಹತ್ತಿಪ್ಪತ್ತು ಜನ ಸೇರಿದ್ದರು. ನನಗೂ ಹುಮ್ಮಸ್ಸು. ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತ ಹೋದೆ. 'ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ' ಅನ್ನುವ ಅಷ್ಟಭೋಗದ ಮಾತು ಬಂತು, ಅದನ್ನೂ ಓದಿದೆ. ನಮಗೆ ಅದು ಸಾವಿರ ಸಲ ಓದಿದ ಸಿದ್ಧ ಮಾತು: ಭೂಮಿ ಪಡೆದವನಿಗೆ ಅದರ ನೀರು, ಕಲ್ಲು, ಈಗಿನ ಉತ್ಪತ್ತಿ, ಮುಂದಿನ ಉತ್ಪತ್ತಿ, ಅಕಸ್ಮಾತ್ ಏನಾದರೂ ಸಿಕ್ಕರೆ ಅದು, ಎಲ್ಲದರ ಹಕ್ಕೂ ಇದೆ ಅಂತ. ಈಗಿನ ಕ್ರಯಪತ್ರದಲ್ಲಿ ಗಿಡಮರ ಬಾವಿ ಸಮೇತ ಅಂತ ಬರೆಸುವ ಹಾಗೆ. ಅಲ್ಲಿ ನಿಂತವರಿಗೆ ಕೇಳಿಸಿದ್ದು ಒಂದೇ 'ನಿಧಿ'. ನಾನು ವಿವರಿಸಿದೆನೋ? ವಿವರಿಸಿದೆ, ಆದರೆ ಅವಸರದಲ್ಲಿ, ಆಮೇಲೆ. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಫೋನಿನಲ್ಲಿ ನಾಲ್ಕು ಪಟ ತೆಗೆದು, ಮುಂದಿನ ಸಲ ಕಾಗದ-ಮಸಿ ತಂದು ಪಡಿಯಚ್ಚು ತೆಗೆಯುವಾ ಅಂತ ಹೊರಟೆ.

ಮುಂದಿನ ಸಲ ಹೋಗಿದ್ದು ಒಂದು ಮಳೆಗಾಲ ಕಳೆದು. ಬದುವಿನಲ್ಲಿ ಆಳೆತ್ತರದ ಗುಂಡಿ, ಅದರಲ್ಲಿ ನೀರು, ಕಲ್ಲು ಎರಡು ತುಂಡು. ಕೆಳಗಿನ ತುಂಡು ಸಿಗಲಿಲ್ಲ. ಮೊದಲ ಸಲ ಮಣ್ಣಿನಲ್ಲಿ ಹೂತಿದ್ದ ಕೊನೆಯ ಸಾಲುಗಳು ಅದರಲ್ಲೇ ಇದ್ದವು. ಬಹುಶಃ ಭೂಮಿಯ ಸೀಮೆಯೂ ಬರೆದವನ ಹೆಸರೂ ಅಲ್ಲೇ. ನನ್ನ ಹತ್ತಿರ ಈಗ ಇರುವುದು ನೆರಳಿಲ್ಲದ ಬೆಳಕಿನ ಆ ನಾಲ್ಕು ಪಟ ಮಾತ್ರ, ಅದರಲ್ಲಿ ಮೇಲಿನ ಸಾಲುಗಳೂ ಸರಿಯಾಗಿ ಕಾಣುವುದಿಲ್ಲ. ಯಾರು ಅಗೆದರು ಅಂತ ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಹುಡುಗ ಮಾತ್ರ, "ನೀವೇ ಓದಿ ಹೇಳಿದ್ರಲ್ಲ ಸರ್, ನಿಧಿ ಇದೆ ಅಂತ" ಅಂದ.

ಆವತ್ತಿನಿಂದ ಕೆಲವು ಅಭ್ಯಾಸ ಬದಲಿಸಿಕೊಂಡೆ. ನಿಮಗೂ ಉಪಯೋಗವಾದೀತು ಅಂತ ಹೇಳುತ್ತೇನೆ. ಜನರ ಎದುರು ಓದುವಾಗ ಅಷ್ಟಭೋಗ ಬಂದರೆ ಮೊದಲು ಅರ್ಥ, ಆಮೇಲೆ ಪದ. ಪಡಿಯಚ್ಚನ್ನು ಮುಂದಿನ ಸಲಕ್ಕೆ ಬಿಡುವುದಿಲ್ಲ. ಸಾಮಾನು ಇಲ್ಲದಿದ್ದರೆ ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿಗೆ ಕಾಯುತ್ತೇನೆ, ಇಲ್ಲವೇ ರಾತ್ರಿ ಟಾರ್ಚನ್ನು ಪಕ್ಕದಿಂದ ಹಿಡಿದು ಪಟ ತೆಗೆಯುತ್ತೇನೆ. ಸೀಮೆಸುಣ್ಣ, ಮೈದಾಹಿಟ್ಟು ತುಂಬುವುದು ಬೇಡವೇ ಬೇಡ. ಅಕ್ಷರ ನಮಗೆ ಬೇಕಾದ ಹಾಗೆ ಕಾಣುತ್ತದೆ, ಇದ್ದ ಹಾಗೆ ಅಲ್ಲ. ಕಾವಲಿಲ್ಲದ ಕಲ್ಲಿನ ಜಿಪಿಎಸ್ ಜಾಗವನ್ನು ಫೇಸ್‌ಬುಕ್ಕಿನಲ್ಲಿ ಹಾಕುವುದಿಲ್ಲ, ಪುರಾತತ್ವ ಇಲಾಖೆಗೆ ಬರೆದು ಕಳಿಸುತ್ತೇನೆ. ನೂರು ವರ್ಷ ಮೀರಿದ ಶಿಲ್ಪ, ಶಾಸನ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಬನದ ಕಲ್ಲಿಗೂ ಇದು ಅನ್ವಯಿಸುತ್ತದೆ ಅನ್ನುವುದನ್ನು ಜೀರ್ಣೋದ್ಧಾರ ಸಮಿತಿಯವರಿಗೆ ಸಮಾಧಾನದಿಂದ ಹೇಳಿದರೆ ಕೇಳುತ್ತಾರೆ. ಹಳೆಯ ಕಲ್ಲನ್ನು ಹೊಸ ಗುಡಿಯ ಒಳಗೇ ಒಂದು ಬದಿಗೆ ನಿಲ್ಲಿಸಿಕೊಂಡವರನ್ನೂ ನೋಡಿದ್ದೇನೆ.

ಹಿರೇಗುತ್ತಿಯ ಕೆಲಸ ಈಗ ಹೆಸರು ಬರೆದುಕೊಳ್ಳುವ ಹಂತದಲ್ಲಿದೆ. ಹೆದ್ದಾರಿ ನಾಲ್ಕು ಪಥವಾದಾಗ ಈ ಕರಾವಳಿಯ ಉದ್ದಕ್ಕೂ ಎಷ್ಟು ಕಟ್ಟೆ, ಬಾವಿ, ಮರದ ಬುಡದ ಕಲ್ಲು ಜಾಗ ಬಿಟ್ಟವೋ ಅದರ ಲೆಕ್ಕ ಇನ್ನು ಸಿಗುವುದಿಲ್ಲ. ಗಜನಿಯ ಕಡೆ ಇಳಿದರೆ ಬಹಳಷ್ಟು ಇನ್ನೂ ಇದೆ. ಕಳೆದ ಸಲ ಕಟ್ಟಿನ ಮೇಲೆ ನಡೆಯುತ್ತಿದ್ದಾಗ ಜಂತ್ರಡಿ ಹತ್ತಿರ ಬಲೆ ಸರಿಮಾಡುತ್ತಿದ್ದವರೊಬ್ಬರು ಕಟ್ಟಿನ ಮೂರು ತುಂಡಿಗೆ ಮೂರು ಹೆಸರು ಹೇಳಿದರು. ನಾಲ್ಕನೆಯ ತುಂಡಿನ ಹೆಸರು ಅವರಿಗೆ ನೆನಪಾಗಲಿಲ್ಲ. "ನಮ್ ಆಯಿಗೆ ಗೊತ್ತಿತ್ತು. ಕೇಳ್ಕಂಡ್ ಇಡ್ತೆ, ಮಳೆ ಶುರುವಾಪ್ಪು ಮುಂಚೆ ಬನ್ನಿ" ಅಂದರು. ಆಯಿ ಇದ್ದಾರೆಯೇ ಅಂತ ಕೇಳಿದೆ. ಆಯಿಯ ತಂಗಿ ಬರ್ಗಿಯಲ್ಲಿದ್ದಾರಂತೆ, ವಯಸ್ಸು ತೊಂಬತ್ತರ ಹತ್ತಿರ. ಮುಂದಿನ ವಾರವೇ ಹೋಗುತ್ತಿದ್ದೇನೆ.